ಗ್ಯಾಸ್ ತೂಗಿ ಹಾಕಿ, ಅಂದಾಜಿಗೆ ಬೇಡ

ಮಾನ್ಯ ಸಂಪಾದಕರೇ,

ಉಡುಪಿ ಆಸುಪಾಸಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಫ್ರಿಜ್ಜು, ಕೂಲರ್ ರಿಪೇರಿ ಮಾಡಿಕೊಂಡು ಬಂದವನು ನಾನು. ತುಳುನಾಡಿನ ಹೊಸ ವರ್ಷ ಬಿಸು ಹಬ್ಬ ಹತ್ತಿರ ಬಂದಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಹಾಲಿನ ಅಂಗಡಿ, ಜ್ಯೂಸ್ ಅಂಗಡಿ, ಮದುವೆ ಮಂಟಪದ ಪಕ್ಕದ ಐಸ್‌ಕ್ರೀಮ್ ಗೂಡಂಗಡಿ, ಎಲ್ಲ ಕಡೆಯಿಂದ ಒಂದೇ ಮಾತು: "ಕೂಲರ್ ತಂಪಾಗುದಿಲ್ಲ, ಗ್ಯಾಸ್ ಖಾಲಿ ಆಗಿದೆ, ಸ್ವಲ್ಪ ತುಂಬಿಸಿ ಕೊಡಿ." ಈ "ಸ್ವಲ್ಪ ತುಂಬಿಸಿ" ಎಂಬ ಮಾತಿನಿಂದ ನಮ್ಮ ಕರಾವಳಿಯ ಸಣ್ಣ ಅಂಗಡಿಗಳಿಗೆ ಪ್ರತಿ ಬೇಸಿಗೆಯಲ್ಲಿ ಆಗುತ್ತಿರುವ ನಷ್ಟವನ್ನು ಕಣ್ಣಾರೆ ಕಂಡು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ದಯವಿಟ್ಟು ಜಾಗ ಕೊಡಿ.

ಸಂತೆಕಟ್ಟೆಯ ಹತ್ತಿರ ಹೆದ್ದಾರಿ ಬದಿಯಲ್ಲಿ ಒಬ್ಬ ಅಕ್ಕ ಹಾಲು, ಮೊಸರು, ತಂಪು ಪಾನೀಯ ಮಾರುತ್ತಾರೆ. ಗಾಜಿನ ಬಾಗಿಲಿನ ಒಂದೇ ಒಂದು ಕೂಲರ್. ಕಳೆದ ಏಪ್ರಿಲ್‌ನಲ್ಲಿ ಅದರ ಕಂಪ್ರೆಸರ್, ಅಂದರೆ ಗ್ಯಾಸನ್ನು ಒತ್ತಿ ಓಡಿಸುವ ಯಂತ್ರ, ಹೋಯಿತು. ಯಾರೋ ಬಂದು ಹೊಸದು ಹಾಕಿದರು, ಗ್ಯಾಸ್ ತುಂಬಿಸಿದರು, ಎರಡು ಗಂಟೆಯೊಳಗೆ ಕೆಲಸ ಮುಗಿಸಿ ಹೋದರು. ಆಮೇಲಿನ ಹತ್ತೊಂಬತ್ತು ದಿನಗಳಲ್ಲಿ ಅದೇ ಕೂಲರಿಗೆ ಮೂರು ಸಲ ಮತ್ತೆ ಗ್ಯಾಸ್ ಹಾಕಿಸಿಕೊಂಡರು. ಕೊನೆಗೆ ನನ್ನನ್ನು ಕರೆದಾಗ ಅಕ್ಕ ಹೇಳಿದ ಮಾತು ನನಗೆ ಈಗಲೂ ನೆನಪಿದೆ.

"ಅಣ್ಣ, ರಾತ್ರಿ ಬಂದ್ ಮಾಡಿಟ್ರೆ ಬೆಳಿಗ್ಗೆ ಚಂದ ತಂಪಾಗ್ತದೆ. ಹನ್ನೊಂದು ಗಂಟೆ ಆಯ್ತು ಅಂದ್ರೆ ಕೈ ಕೊಡ್ತದೆ. ಗ್ಯಾಸ್ ಹಾಕಿದ್ರೆ ಎರಡು ದಿನ ಸರಿ, ಮತ್ತೆ ಅದೇ ಹಾಡು. ಹಾಲು ಎಷ್ಟು ಸಲ ಚೆಲ್ಲುದು ನಾನು?"

ಈ ಕೆಲಸ ಬಲ್ಲವರಿಗೆ ಅಷ್ಟು ಹೇಳಿದರೆ ಸಾಕು, ಗ್ಯಾಸಿಗೂ ಈ ರೋಗಕ್ಕೂ ಸಂಬಂಧವಿಲ್ಲವೆಂದು ತಿಳಿಯಬೇಕು. ಪೈಪಿನೊಳಗೆ ನೀರು ಸೇರಿದೆ. ಕ್ಯಾಪಿಲರಿ ಎಂದು ನಾವು ಕರೆಯುವ ತಾಮ್ರದ ಸಣ್ಣ ನಳಿಗೆಯ ತೂತು ಒಂದು ಮಿಲಿಮೀಟರಿನ ಆಸುಪಾಸು, ಅಷ್ಟೇ. ಗ್ಯಾಸು ಆ ನಳಿಗೆಯಿಂದ ಹೊರಬಿದ್ದು ಕೂಲಿಂಗ್ ಕಾಯಿಲಿಗೆ ಹಾರುವ ಜಾಗ ಸೊನ್ನೆ ಡಿಗ್ರಿಗಿಂತ ಕೆಳಗಿರುತ್ತದೆ. ನೀರಿನ ನಾಲ್ಕು ಹನಿ ಇದ್ದರೂ ಅಲ್ಲೇ ಮಂಜಾಗಿ ಬೆಣೆ ಹೊಡೆದ ಹಾಗೆ ಕುಳಿತುಬಿಡುತ್ತದೆ. ಗ್ಯಾಸಿನ ದಾರಿ ಬಂದ್. ರಾತ್ರಿ ಆಫ್ ಮಾಡಿದರೆ ಕರಗುತ್ತದೆ, ಬೆಳಿಗ್ಗೆ ಮತ್ತೆ ತಂಪು, ಬಿಸಿಲೇರುವ ಹೊತ್ತಿಗೆ ಮತ್ತೆ ಬೆಣೆ.

ನಾನು ಹೋದಾಗ ಹನ್ನೊಂದೂವರೆ. ಕಂಪ್ರೆಸರ್ ಓಡುತ್ತಿತ್ತು, ಮೇಲೆ ಕೈಯಿಡಲು ಆಗದಷ್ಟು ಕಾದಿತ್ತು. ಒಳಗಿನ ಫ್ಯಾನಿನ ಮುಚ್ಚಳ ಬಿಚ್ಚಿ, ಅಕ್ಕನ ಹತ್ತಿರ ಬಿಸಿನೀರು ಕೇಳಿ, ಬಟ್ಟೆ ಅದ್ದಿ ಹಿಂಡಿ ಕ್ಯಾಪಿಲರಿ ಕಾಯಿಲಿಗೆ ಸೇರುವ ಕಡೆ ಸುತ್ತಿದೆ. ಕಿವಿ ಹತ್ತಿರ ಹಿಡಿದುಕೊಂಡು ನಿಂತೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ "ಸುಯ್" ಎಂದು ಗ್ಯಾಸ್ ನುಗ್ಗಿದ ಸದ್ದು. ಅಕ್ಕನನ್ನೂ ಕರೆದು ಕೇಳಿಸಿದೆ. ಇಷ್ಟು ದಿನ ಅವರು ಮೂರು ಸಲ ದುಡ್ಡು ಕೊಟ್ಟದ್ದು ಈ ಸದ್ದಿನ ಕಾರಣ ಹುಡುಕದೆ ಇದ್ದುದಕ್ಕೆ.

ಈಗ ನೋಡಿ, ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಹೇಗೆ ಕೂರುತ್ತದೆ ಎಂದು. ಬೆಣೆ ಬಿದ್ದಾಗ ಒತ್ತಡ ತೋರಿಸುವ ಗೇಜ್ ಹಚ್ಚಿದರೆ ಮುಳ್ಳು ಸೊನ್ನೆಗಿಂತ ಕೆಳಗೆ ತೋರಿಸುತ್ತದೆ, ಏಕೆಂದರೆ ಇದ್ದ ಗ್ಯಾಸೆಲ್ಲ ಹಿಂದಿನ ಕಂಡೆನ್ಸರಿನಲ್ಲಿ (ಬಿಸಿ ಹೊರಹಾಕುವ ಕಾಯಿಲು) ಸಿಕ್ಕಿಕೊಂಡಿರುತ್ತದೆ. ಗೇಜನ್ನೇ ನಂಬುವವರು ಅದನ್ನು ನೋಡಿ "ಗ್ಯಾಸ್ ಕಮ್ಮಿ" ಎಂದು ಇನ್ನಷ್ಟು ಹಾಕುತ್ತಾರೆ. ಮಂಜು ಕರಗಿದ ಕೂಡಲೇ ಹಳೆಯದೂ ಹೊಸದೂ ಒಟ್ಟಿಗೆ ಬರುತ್ತದೆ. ಹೆಚ್ಚಾದ ಗ್ಯಾಸು ಕಾಯಿಲಿನಲ್ಲಿ ಪೂರ್ತಿ ಆವಿಯಾಗದೆ ದ್ರವವಾಗಿಯೇ ಕಂಪ್ರೆಸರಿಗೆ ಹಿಂದಿರುಗಿ ಆಯಿಲನ್ನು ತೆಳ್ಳಗೆ ಮಾಡುತ್ತದೆ, ವಾಲ್ವಿನ ತೆಳು ಪಟ್ಟಿಗೆ ಪೆಟ್ಟು ಕೊಡುತ್ತದೆ. ಅಕ್ಕನ ಕೂಲರಿನಲ್ಲಿ ಆದದ್ದೂ ಅದೇ. ಕಂಪ್ರೆಸರ್ ಬಿಚ್ಚಿ, ಗ್ಯಾಸ್ ಹೊರಬೀಳುವ ಡಿಸ್ಚಾರ್ಜ್ ಪೈಪಿಗೆ ಗೇಜ್ ಹಾಕಿ ಓಡಿಸಿ ನೋಡಿದೆ. ಮುಳ್ಳು 150 ಪಿಎಸ್ಐ (ಒತ್ತಡದ ಅಳತೆ) ದಾಟಲಿಲ್ಲ, ನಿಲ್ಲಿಸಿದ ಕೂಡಲೇ ಕೆಳಗಿಳಿಯಿತು. ವಾಲ್ವು ಹೋಗಿದೆ ಎಂದರ್ಥ. ಹತ್ತೊಂಬತ್ತು ದಿನದ ಹೊಸ ಕಂಪ್ರೆಸರ್ ಅದು. ಅಕ್ಕನಿಗೆ ಇದನ್ನು ಹೇಳುವಾಗ ನನಗೆ ಬಾಯಿ ಬರಲಿಲ್ಲ. ಐದೂವರೆ ಸಾವಿರ ರೂಪಾಯಿ ಮತ್ತೊಮ್ಮೆ ಹೊಂದಿಸಬೇಕಾಯಿತು ಅವರು.

ಆ ಮೆಕ್ಯಾನಿಕ್ ಯಾರೆಂದು ನಾನು ಕೇಳಲಿಲ್ಲ, ಅವರನ್ನು ದೂರಲು ಇದನ್ನು ಬರೆಯುತ್ತಲೂ ಇಲ್ಲ. ನಾನೂ ಹಾಗೆಯೇ ಮಾಡಿದವನು. ನನಗೆ ಕೆಲಸ ಕಲಿಸಿದ ಗುರುಗಳ ಕಾಲದಲ್ಲಿ ಆರ್-12 ಗ್ಯಾಸ್ ಇತ್ತು. ಅವರು ಕಂಪ್ರೆಸರಿಗೆ ಗ್ಯಾಸ್ ಹಿಂದಿರುಗುವ ಸಕ್ಷನ್ ಪೈಪು ಮುಟ್ಟಿ ನೋಡಿ, ಕಾಯಿಲಿನಲ್ಲಿ ಮಂಜು ಎಲ್ಲಿವರೆಗೆ ಬಂತೆಂದು ನೋಡಿ ಗ್ಯಾಸ್ ನಿಲ್ಲಿಸುತ್ತಿದ್ದರು. ಅವರ ಕೈಯೇ ತಕ್ಕಡಿ. ಆ ಗ್ಯಾಸಿನ ಜೊತೆ ಬರುತ್ತಿದ್ದುದು ಮಿನರಲ್ ಆಯಿಲ್, ಅದು ಗಾಳಿಯ ತೇವವನ್ನು ಅಷ್ಟಾಗಿ ಹೀರುವುದಿಲ್ಲ. ಹಾಗಾಗಿ ಸಣ್ಣಪುಟ್ಟ ಅಜಾಗ್ರತೆ ನಡೆದುಹೋಗುತ್ತಿತ್ತು. ಓಝೋನ್ ಪದರಕ್ಕೆ ಹಾನಿಯೆಂದು 1987ರ ಮಾಂಟ್ರಿಯಲ್ ಒಪ್ಪಂದದಂತೆ ಆರ್-12 ಹಂತ ಹಂತವಾಗಿ ಹೋಗಿ, 2010ರ ಹೊತ್ತಿಗೆ ನಮ್ಮ ದೇಶದಲ್ಲೂ ನಿಂತಿತು. ಅದರ ಜಾಗಕ್ಕೆ ಬಂದ ಆರ್-134ಎ ಜೊತೆಗಿನ ಪಾಲಿಯೋಲ್ ಎಸ್ಟರ್ ಆಯಿಲ್ ಬೇರೆಯೇ ಜಾತಿ. ಮಳೆಗಾಲದಲ್ಲಿ ಡಬ್ಬದ ಮುಚ್ಚಳ ತೆರೆದಿಟ್ಟ ಉಪ್ಪು ಹೇಗೆ ನೀರೊಡೆಯುತ್ತದೋ ಈ ಆಯಿಲೂ ಹಾಗೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀರೂ ಬಿಸಿಯೂ ಸೇರಿದರೆ ಅದರೊಳಗೆ ಆಸಿಡ್ ಹುಟ್ಟಿ ಮೋಟಾರಿನ ವೈಂಡಿಂಗನ್ನೇ ತಿನ್ನುತ್ತದೆ. ಗ್ಯಾಸ್ ಬದಲಾಯಿತು, ಆಯಿಲ್ ಬದಲಾಯಿತು, ನಮ್ಮ ಕೈಯ ಅಭ್ಯಾಸ ಮಾತ್ರ ಬದಲಾಗಲಿಲ್ಲ. ಮಲ್ಪೆಯ ಒಂದು ಸಣ್ಣ ಹೋಟೆಲಿನ ಫ್ರೀಜರಿಗೆ ನಾನು ಒಂದೇ ವರ್ಷದಲ್ಲಿ ಮೂರು ಕಂಪ್ರೆಸರ್ ಹಾಕಿದೆ. ಎರಡು ಸಲ ಕಂಪ್ರೆಸರನ್ನೇ ದೂರಿದೆ, ವೋಲ್ಟೇಜನ್ನು ದೂರಿದೆ. ಮೂರನೆಯದಕ್ಕೆ ಹೋಟೆಲಿನವರ ಮುಖ ನೋಡಲಾಗದೆ ನಾನೇ ದುಡ್ಡು ಹಾಕಿದೆ. ಆ ವರ್ಷವೇ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪು, ತೂಕದ ಯಂತ್ರ ಎರಡನ್ನೂ ಕೊಂಡೆ.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ಅಕ್ಕನ ಕೂಲರಿಗೆ ಆ ದಿನ ಮಾಡಿದ್ದನ್ನೇ ಹೇಳುತ್ತೇನೆ.

ಮೊದಲು ಹಳೆಯ ಫಿಲ್ಟರ್ ಡ್ರೈಯರ್ ಕತ್ತರಿಸಿ ತೆಗೆದೆ. ಬೆರಳುದ್ದದ ತಾಮ್ರದ ಉರುಳೆ, ಒಳಗೆ ತೇವ ಹೀರುವ ಕಾಳುಗಳು. ಪೈಪು ಒಮ್ಮೆ ತೆರೆದರೆ ಇದನ್ನು ಬದಲಿಸಲೇಬೇಕು. ಬೆಲೆ ನೂರು ಇನ್ನೂರರ ಒಳಗೆ. ಅಕ್ಕನ ಕೂಲರಿನಲ್ಲಿದ್ದುದು ಕಂಪನಿಯಿಂದ ಬಂದಾಗಿನದ್ದೇ, ಹೊಸ ಕಂಪ್ರೆಸರ್ ಹಾಕಿದವರು ಅದನ್ನು ಮುಟ್ಟಿಯೇ ಇರಲಿಲ್ಲ. ನೈಟ್ರೋಜನ್ ಬಿಟ್ಟು ಪೈಪುಗಳನ್ನು ಊದಿದೆ. ಹೊಸ ಕಂಪ್ರೆಸರಿನ ರಬ್ಬರ್ ಬೂಚುಗಳನ್ನು ಬೆಸುಗೆಗೆ ಎಲ್ಲ ಸಿದ್ಧವಾದ ಮೇಲೆಯೇ ತೆಗೆದೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅದನ್ನು ಬಾಯಿ ತೆರೆದು ಇಡಬಾರದು. ನಮ್ಮ ಊರಿನ ಗಾಳಿಯಲ್ಲಂತೂ ಖಂಡಿತ ಬೇಡ. ಕಂಪ್ರೆಸರನ್ನು ಚಾಲೂ ಮಾಡುವ ರಿಲೇ, ಅದನ್ನು ಸುಡದಂತೆ ಕಾಯುವ ಓವರ್‌ಲೋಡ್, ಎರಡನ್ನೂ ಅದರ ಜೊತೆ ಬಂದದ್ದನ್ನೇ ಹಾಕಿದೆ. ಹಳೆಯದನ್ನು ಉಳಿಸಿ ಇನ್ನೂರು ರೂಪಾಯಿ ಮಿಗಿಸುವುದು ಬೇಡ. ಆಮೇಲೆ ನೈಟ್ರೋಜನ್ ಒತ್ತಡ ಕೊಟ್ಟು ಪ್ರತಿ ಬೆಸುಗೆಗೂ ಸೋಪಿನ ನೊರೆ ಹಚ್ಚಿ ನೋಡಿದೆ.

ಇನ್ನು ವ್ಯಾಕ್ಯೂಮ್. ಎಲ್ಲರೂ ಅವಸರ ಮಾಡುವುದು ಇಲ್ಲಿ. ಕೆಲವರು ಪಂಪಿಲ್ಲದೆ ಕೂಲರಿನ ಕಂಪ್ರೆಸರಿನಿಂದಲೇ ಗಾಳಿ ಎಳೆಸುತ್ತಾರೆ. ಇನ್ನು ಕೆಲವರು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು ದೂಡಿ "ಪರ್ಜ್ ಆಯ್ತು" ಎನ್ನುತ್ತಾರೆ. ಎರಡರಿಂದಲೂ ತೇವ ಹೋಗುವುದಿಲ್ಲ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಮೈಕ್ರಾನ್ ಎಂಬ ತೀರಾ ಸಣ್ಣ ಅಳತೆಯ ಲೆಕ್ಕದಲ್ಲಿ 7,60,000. ಅದನ್ನು 500ರ ಕೆಳಗೆ ಇಳಿಸಬೇಕು. ಅಷ್ಟು ಇಳಿದಾಗ ಪೈಪಿನೊಳಗಿನ ನೀರು ಬೆಂಕಿಯಿಲ್ಲದೆ, ಕೋಣೆಯ ಬಿಸಿಗೇ ಆವಿಯಾಗಿ ಪಂಪಿನ ದಾರಿ ಹಿಡಿಯುತ್ತದೆ. ಸಾಮಾನ್ಯ ಗೇಜಿನ ಮುಳ್ಳು ಸೊನ್ನೆಯ ಕೆಳಗೆ ವ್ಯಾಕ್ಯೂಮಿನ ಕಡೆಯ 30ರ ಹತ್ತಿರ ಹೋಗಿ ನಿಂತರೆ ಅದಕ್ಕೆ 5,000 ಮೈಕ್ರಾನಿಗೂ 500ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದಕ್ಕೇ ಬೇರೆ ಮೀಟರ್ ಬೇಕು. ಆ ದಿನ ನಲವತ್ತು ನಿಮಿಷ ಎಳೆದ ಮೇಲೆ ಕವಾಟ ಮುಚ್ಚಿ ನೋಡಿದರೆ ಅಂಕಿ ಮೇಲೇರಿ 4,000ದ ಸುತ್ತ ನಿಂತಿತು. ಸೋರಿಕೆಯಿದ್ದರೆ ನಿಲ್ಲದೆ ಏರುತ್ತಲೇ ಹೋಗುತ್ತಿತ್ತು. ಏರಿ ಒಂದು ಕಡೆ ನಿಂತರೆ ಒಳಗೆ ನೀರು ಇನ್ನೂ ಉಂಟು ಎಂದರ್ಥ. ಒಣ ನೈಟ್ರೋಜನ್ ಬಿಟ್ಟು ಮತ್ತೆ ಎಳೆದೆ, ಇನ್ನೊಮ್ಮೆ ಬಿಟ್ಟು ಇನ್ನೊಮ್ಮೆ ಎಳೆದೆ. ಮೂರನೆಯ ಸಲ 400ಕ್ಕೆ ಇಳಿದು, ಮುಚ್ಚಿದ ಮೇಲೆ 700 ದಾಟದೆ ನಿಂತಿತು. ಹೊತ್ತು ಮಧ್ಯಾಹ್ನ ಮೂರು ದಾಟಿತ್ತು. ಅಕ್ಕ ಎರಡು ಸಲ ಚಾ ಕೊಟ್ಟರು, "ಇನ್ನೂ ಆಗಲಿಲ್ವಾ" ಎಂದು ಒಮ್ಮೆಯೂ ಕೇಳಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಗ್ಯಾಸ್ ಎಷ್ಟು ಹಾಕಬೇಕೆಂದು ಕೂಲರಿನ ಮೇಲೆಯೇ ಬರೆದಿರುತ್ತದೆ. ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಎಂದು ಸಂಪಾದಕರಲ್ಲಿ ಕೇಳಿಕೊಳ್ಳಬೇಕೆನಿಸುತ್ತದೆ. ಅಕ್ಕನ ಕೂಲರಿನಲ್ಲಿ ಆ ಫಲಕ ಒಳಗಿನ ಎಡಗೋಡೆಯಲ್ಲಿ, ಕೆಳಗಿನ ಜಾಲಿಯ ಹಿಂದೆ ಇತ್ತು. ಮೇಲೆ ಪಾನೀಯ ಚೆಲ್ಲಿ ಒಣಗಿದ ಅಂಟು. ಒದ್ದೆ ಬಟ್ಟೆಯಿಂದ ಉಜ್ಜಿದಾಗ ಅಕ್ಷರ ಮೂಡಿತು: ಆರ್-134ಎ, 190 ಗ್ರಾಂ. ನೂರತೊಂಬತ್ತು ಎಂದರೆ ನೂರತೊಂಬತ್ತೇ. ದೊಡ್ಡ ಏಸಿ ಪ್ಲಾಂಟುಗಳಲ್ಲಿ ಹೆಚ್ಚಾದ ಗ್ಯಾಸು ನಿಲ್ಲಲು ರಿಸೀವರ್ ಟ್ಯಾಂಕ್ ಇರುತ್ತದೆ, ಕ್ಯಾಪಿಲರಿ ಇರುವ ಸಣ್ಣ ಕೂಲರಿಗೆ ಅದಿಲ್ಲ. ಇಪ್ಪತ್ತು ಮೂವತ್ತು ಗ್ರಾಂ ಹೆಚ್ಚುಕಮ್ಮಿಯಾದರೂ ಅದು ಕಂಪ್ರೆಸರಿನ ಮೇಲೆ ಬೀಳುತ್ತದೆ. ಮೂರಡಿಯ ಚಾರ್ಜಿಂಗ್ ಹೋಸಿನಲ್ಲಿ ಗ್ಯಾಸು ದ್ರವವಾಗಿ ನಿಂತರೆ ಅಲ್ಲೇ ಹದಿನೈದು ಇಪ್ಪತ್ತು ಗ್ರಾಂ ಉಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗೇಜ್ ನೋಡಿ ಹಾಕಿದರೆ ಏನು ತಪ್ಪು ಎಂದು ಯುವಕರು ಕೇಳುತ್ತಾರೆ. ಗೇಜು ತೋರಿಸುವುದು ಒತ್ತಡ. ಒತ್ತಡ ನಿಂತಿರುವುದು ಬಿಸಿಯ ಮೇಲೆ. ಆರ್-134ಎ ಸೊನ್ನೆ ಡಿಗ್ರಿಯಲ್ಲಿ ಸುಮಾರು 28 ಪಿಎಸ್ಐ ತೋರಿಸಿದರೆ, ಮೈನಸ್ 10ರಲ್ಲಿ 15ರ ಹತ್ತಿರ ತೋರಿಸುತ್ತದೆ. ಮಧ್ಯಾಹ್ನ ಶೀಟಿನ ಮಾಡಿನ ಕೆಳಗೆ, ಬಾಗಿಲು ತೆರೆದಿಟ್ಟ ಖಾಲಿ ಕೂಲರಿಗೆ ಗೇಜ್ ನೋಡಿ ಹಾಕಿದ ಗ್ಯಾಸು ರಾತ್ರಿ ತಂಪಾದ ಮೇಲೆ ಬೇರೆಯೇ ಅಂಕಿ ತೋರಿಸುತ್ತದೆ. ಕಂಡೆನ್ಸರಿನಲ್ಲಿ ಧೂಳು ಕೂತಿದ್ದರೆ ಇನ್ನೊಂದು ಅಂಕಿ. ಈ ಅಂಕಿಯಿಂದ ಗ್ರಾಂ ಲೆಕ್ಕ ತೆಗೆಯಲು ಯಾರಿಂದಲೂ ಸಾಧ್ಯವಿಲ್ಲ, ಇಪ್ಪತ್ತೆಂಟು ವರ್ಷ ಅನುಭವ ಇರುವ ನನ್ನಿಂದಲೂ ಇಲ್ಲ. ಕೆಲಸ ಮುಗಿದ ಮೇಲೆ ಸರಿಯಿದೆಯೋ ಎಂದು ನೋಡಲು ಗೇಜ್ ಬೇಕು, ಅಳೆದು ಹಾಕಲು ತಕ್ಕಡಿ ಬೇಕು.

ಗ್ಯಾಸಿನ ಸಣ್ಣ ಕ್ಯಾನನ್ನು ತೂಕದ ಯಂತ್ರದ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿದೆ. ಅಡುಗೆಮನೆಯಲ್ಲಿ ಹಿಟ್ಟು ತೂಗುವಂಥದ್ದೇ, ಒಂದೊಂದು ಗ್ರಾಂ ತೋರಿಸುತ್ತದೆ, ಸಾವಿರ ರೂಪಾಯಿಯ ಒಳಗೆ ಸಿಗುತ್ತದೆ. ಅಕ್ಕ ಸ್ಟೂಲ್ ಎಳೆದುಕೊಂಡು ಅದರ ಮುಂದೆ ಕುಳಿತರು. ಕವಾಟ ತೆರೆದಾಗ ಮೊದಲ ನೂರು ಗ್ರಾಂ ತಾನಾಗಿಯೇ ಒಳಗೆ ಎಳೆದುಕೊಂಡಿತು. ಕ್ಯಾನಿನ ಮೈ ಬೆವರಿತು, ಅಂಕಿ ನಿಧಾನವಾಯಿತು. ಆಮೇಲೆ ಕಂಪ್ರೆಸರ್ ಚಾಲೂ ಮಾಡಿ ಉಳಿದದ್ದನ್ನು ಆವಿಯಾಗಿ ಸ್ವಲ್ಪ ಸ್ವಲ್ಪವೇ ಬಿಟ್ಟೆ. ಅಕ್ಕ ಜೋರಾಗಿ ಓದುತ್ತಿದ್ದರು, "ನೂರೆಪ್ಪತ್ತು... ನೂರೆಂಬತ್ತು... ನೂರೆಂಬತ್ತೈದು." ನೂರತೊಂಬತ್ತಕ್ಕೆ ಮುಚ್ಚಿದೆ. ಮುಕ್ಕಾಲು ಗಂಟೆ ಕಳೆದಾಗ ಕಾಯಿಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾದ ತೆಳು ಮಂಜು. ಹಿಂದಿರುಗುವ ಪೈಪು ತಂಪಾಗಿ ಬೆವರಿತ್ತು, ಮಂಜು ಕಟ್ಟಿರಲಿಲ್ಲ. ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್, ಫಲಕದಲ್ಲಿ ಬರೆದ ಆಂಪಿಯರಿಗಿಂತ ಮೇಲೆ ಹೋಗಲಿಲ್ಲ. ಹೋಗುವ ಮೊದಲು ಕೂಲರಿನ ಹಿಂಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ದಿನಾಂಕ, ಗ್ಯಾಸಿನ ಹೆಸರು, 190 ಗ್ರಾಂ ಎಂದು ಬರೆದೆ. ನಾಳೆ ಬರುವವರು ನಾನೇ ಆಗಬೇಕೆಂದಿಲ್ಲ, ಯಾರು ಬಂದರೂ ಒಳಗೆ ಏನಿದೆ ಎಂದು ತಿಳಿಯಬೇಕು.

ಅಂಗಡಿಯವರಲ್ಲಿ ಒಂದು ಮಾತು. ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವ ವಸ್ತುವಲ್ಲ. ಒಳಗೇ ಸುತ್ತುತ್ತಿರುತ್ತದೆ. ಕಮ್ಮಿಯಾಗಿದೆ ಎಂದರೆ ಎಲ್ಲೋ ತೂತಾಗಿದೆ. ಮಲ್ಪೆ, ಕಾಪು, ಉಳ್ಳಾಲದ ಕಡೆ ಕಡಲ ಉಪ್ಪುಗಾಳಿಗೆ ಕಂಡೆನ್ಸರಿನ ಪೈಪು, ಬೆಸುಗೆ ತಿಂದುಹೋಗುವುದು ನಾವೆಲ್ಲ ನೋಡುವುದೇ. ತೂತು ಹುಡುಕದೆ ಗ್ಯಾಸ್ ತುಂಬಿಸುವುದು ಓಟೆ ಕೊಡಪಾನಕ್ಕೆ ನೀರು ಹೊಯ್ದ ಹಾಗೆ. ಅಂಗಡಿಯ ದುಡ್ಡೂ ಹೋಗುತ್ತದೆ, ಗಾಳಿಗೂ ಕೇಡು. ಇಂಥ ಗ್ಯಾಸುಗಳನ್ನು ಕಮ್ಮಿ ಮಾಡಲು ದೇಶಗಳು ಮಾಡಿಕೊಂಡ ಕಿಗಾಲಿ ಒಪ್ಪಂದದ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ ಭೂಮಿಯನ್ನು ಬಿಸಿ ಮಾಡುವುದು 1,430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು. ನಮ್ಮ ದೇಶ 2021ರಲ್ಲಿ ಆ ಒಪ್ಪಂದವನ್ನು ಅನುಮೋದಿಸಿದೆ. ಅಕ್ಕನ ಕೂಲರಿನಿಂದ ಒಮ್ಮೆ ಸೋರಿಹೋಗುವ 190 ಗ್ರಾಂ ಎಂದರೆ ಸುಮಾರು 270 ಕಿಲೋ ಆಯಿತು.

ಇದಕ್ಕಿಂತ ಹೆಚ್ಚು ನನ್ನನ್ನು ಹೆದರಿಸುವ ವಿಷಯ ಇನ್ನೊಂದಿದೆ. ಈಗ ಬರುವ ಬಹಳಷ್ಟು ಹೊಸ ಕೂಲರುಗಳಲ್ಲಿ ಇರುವುದು ಆರ್-290, ಅಂದರೆ ಪ್ರೋಪೇನ್, ಅಥವಾ ಆರ್-600ಎ, ಅಂದರೆ ಐಸೋಬ್ಯೂಟೇನ್. ಭೂಮಿಗೆ ಒಳ್ಳೆಯದು, ಕರೆಂಟೂ ಉಳಿಸುತ್ತದೆ, ಆದರೆ ಬೆಂಕಿ ಹಿಡಿಯುವ ಗ್ಯಾಸು. ಕಂಪ್ರೆಸರಿನ ಹತ್ತಿರ ಹಳದಿ ತ್ರಿಕೋನದಲ್ಲಿ ಬೆಂಕಿಯ ಚಿತ್ರ ಇರುತ್ತದೆ, ದಯವಿಟ್ಟು ನೋಡಿ. ಹಾಕುವ ಪ್ರಮಾಣವೂ ಬಹಳ ಕಮ್ಮಿ. ಎಷ್ಟೋ ಸಣ್ಣ ಕೂಲರುಗಳಿಗೆ ನೂರು ಗ್ರಾಮಿನ ಒಳಗೇ ಮುಗಿಯುತ್ತದೆ, ಅಲ್ಲಿ ಹತ್ತು ಗ್ರಾಂ ಕೂಡ ದೊಡ್ಡದು. ಅಂಥ ಕೂಲರಿನ ಪೈಪನ್ನು ಬೆಸುಗೆಯ ಬೆಂಕಿ ಹಿಡಿದು ಬಿಚ್ಚಬಾರದು, ಕಟ್ಟರಿನಿಂದ ಕತ್ತರಿಸಬೇಕು. ಮೊದಲು ಅಂಗಡಿಯ ಹೊರಗೆ ಗಾಳಿಯಾಡುವ ಜಾಗಕ್ಕೆ ತಂದು, ಒಲೆ, ಊದುಬತ್ತಿ, ದೇವರ ದೀಪ ಎಲ್ಲ ಆರಿಸಿ, ಗ್ಯಾಸ್ ತೆಗೆದು, ನೈಟ್ರೋಜನ್ ಊದಿದ ಮೇಲೆಯೇ ಮುಂದಿನ ಕೆಲಸ. ಆರ್-134ಎ ಕೂಲರಿಗೆ ಅಡುಗೆ ಅನಿಲ ತುಂಬಿಸಿದ್ದನ್ನೂ ನಾನು ನೋಡಿದ್ದೇನೆ. ಬಾಗಿಲು ತೆರೆದಾಗ ಸಿಲಿಂಡರಿನ ವಾಸನೆ ಬಂದಿತ್ತು, ಅದರಿಂದ ಗೊತ್ತಾಯಿತು. ಬೆಂಕಿ ಹಿಡಿಯುವ ಗ್ಯಾಸಿಗೆಂದು ಮಾಡದ ಸ್ವಿಚ್ಚು, ಥರ್ಮೋಸ್ಟ್ಯಾಟ್ ಇರುವ ಪೆಟ್ಟಿಗೆ ಅದು, ಒಂದು ಕಿಡಿ ಸಾಕು. ಯಾವ ಉಳಿತಾಯಕ್ಕೂ ಇದನ್ನು ಮಾಡಬೇಡಿ, ಮಾಡಲು ಬಿಡಬೇಡಿ.

ನನ್ನ ಜೊತೆಯ ಮೆಕ್ಯಾನಿಕರ ಕಷ್ಟವೂ ನನಗೆ ಗೊತ್ತು. ಅಂಗಡಿಯವರು "ಮಧ್ಯಾಹ್ನದೊಳಗೆ ಆಗ್ಬೇಕು ಮಾರಾಯ್ರೆ" ಎಂದು ತಲೆಮೇಲೆ ನಿಂತರೆ, ಇನ್ನು ನಾಲ್ಕು ಕಡೆಯಿಂದ ಫೋನ್ ಬರುತ್ತಿದ್ದರೆ, ಪಂಪು ಹಚ್ಚಿ ಒಂದು ಗಂಟೆ ಸುಮ್ಮನೆ ಕೂರುವವನು ಕೆಲಸಗಳ್ಳನ ಹಾಗೆ ಕಾಣುತ್ತಾನೆ. ಆ ಒಂದು ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ನಾನು ಈಗ ಬಿಲ್ಲಿನಲ್ಲಿ ವ್ಯಾಕ್ಯೂಮಿಗೆ ನಾನೂರು ರೂಪಾಯಿ ಬೇರೆಯೇ ಬರೆಯುತ್ತೇನೆ. ಮೊದಮೊದಲು ಚೌಕಾಸಿ ಮಾಡುತ್ತಿದ್ದರು, ಈಗ ಕೊಡುತ್ತಾರೆ. ಅಂಗಡಿಯವರು ಅರ್ಧ ದಿನ ಬಿಟ್ಟುಕೊಡಿ, ಹಾಲನ್ನು ಪಕ್ಕದಂಗಡಿಯಲ್ಲೋ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿಯೋ ಇಟ್ಟುಕೊಳ್ಳಿ. ತಕ್ಕಡಿ ತಂದಿದ್ದೀರಾ ಎಂದು ಬಂದವರನ್ನು ಕೇಳಿ. ಹಳೆಯ ಫಿಲ್ಟರನ್ನು ನಿಮ್ಮ ಕೈಗೆ ಕೊಡಲು ಹೇಳಿ. ಮೆಕ್ಯಾನಿಕರು ಇದನ್ನು ಅವಮಾನವೆಂದು ತಿಳಿಯಬೇಡಿ. ಕಿಲೋ ಬೂತಾಯಿ ಮೀನು ತೂಗುವಾಗ ತಕ್ಕಡಿಯ ಮುಳ್ಳು ನೋಡುವವರು ನಾವು, ಐದು ಸಾವಿರದ ಕಂಪ್ರೆಸರಿಗೆ ನೋಡಬಾರದೇ?

ಪಂಪು, ಮೈಕ್ರಾನ್ ಮೀಟರ್ ಕೊಳ್ಳಲು ಹೊಸಬರಿಗೆ ಕೈಯಲ್ಲಿ ದುಡ್ಡಿಲ್ಲ ಎಂಬುದು ನಿಜ. ಹಾಲಿಗೆ, ಮೀನಿಗೆ, ಅಡಿಕೆಗೆ ಸಹಕಾರ ಸಂಘ ಕಟ್ಟಿದ ಊರು ನಮ್ಮದು. ಐದಾರು ಮೆಕ್ಯಾನಿಕರು ಸೇರಿ ಒಂದು ಪಂಪು, ಒಂದು ಮೀಟರ್, ಒಂದು ಸಣ್ಣ ನೈಟ್ರೋಜನ್ ಸಿಲಿಂಡರ್ ಇಟ್ಟುಕೊಂಡು ಸರದಿಯಲ್ಲಿ ಬಳಸಬಹುದು. ಶಾಮಿಯಾನ ಬಾಡಿಗೆಗೆ ಕೊಡುವ ಹಾಗೆ ದಿನಬಾಡಿಗೆಗೆ ಕೊಡುವವರು ಪ್ರತಿ ಪೇಟೆಗೆ ಒಬ್ಬರಿದ್ದರೂ ಆದೀತು. ಐಟಿಐಯಲ್ಲಿ ರೆಫ್ರಿಜರೇಷನ್ ಕಲಿತು ಬರುವ ಹುಡುಗರಿಗೆ ಇದೆಲ್ಲ ಪಾಠದಲ್ಲಿ ಗೊತ್ತಿರುತ್ತದೆ. ಅವರು ಕೆಲಸಕ್ಕೆ ಸೇರಿದ ಮೊದಲ ವಾರ "ಅದೆಲ್ಲ ಪುಸ್ತಕದಲ್ಲಿ, ಇಲ್ಲಿ ಹೀಗೇ" ಎಂದು ನಾವು ಹಿರಿಯರು ಹೇಳಿಕೊಡುತ್ತೇವೆ. ಆ ಮಾತನ್ನು ಇನ್ನು ಯಾರೂ ಹೇಳದಿರಲಿ ಎಂದು ಕೈಮುಗಿದು ಕೇಳುತ್ತೇನೆ.

ನನ್ನ ಪಂಪು ಭಾನುವಾರ ಖಾಲಿ ಇರುತ್ತದೆ. ಸಂತೆಕಟ್ಟೆ, ಕಲ್ಯಾಣಪುರ, ಬ್ರಹ್ಮಾವರದ ಕಡೆಯ ಮೆಕ್ಯಾನಿಕರು ಯಾರಿಗೆ ಬೇಕಾದರೂ ಬಂದು ಒಯ್ಯಬಹುದು, ಬಾಡಿಗೆ ಬೇಡ. ಆಯಿಲ್ ಮಾತ್ರ ಕಪ್ಪಾಗಿದ್ದರೆ ಬದಲಿಸಿ ತಂದುಕೊಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಫ್ರಿಜ್ ಮೆಕ್ಯಾನಿಕ್,
ಕಲ್ಯಾಣಪುರ, ಉಡುಪಿ